ಇರಾನಿ ಅಂಗಡಿಯ ಹಲ್ವಾ

ಕೊಲ್ಲಿ ದೇಶದ ಊರಲ್ಲಿ, ಕರಾಮ ಪೇಟೆಯ ಇರಾನಿ ಮಿಠಾಯಿ ಅಂಗಡಿಗೆ ಮೊಮ್ಮಗಳು ಅನು ನನ್ನನ್ನು ಎಳೆದುಕೊಂಡು ಹೋದಳು. ಬಾಗಿಲಲ್ಲೇ ಅಂಗಡಿಯ ಹೆಂಗಸು ಬಂದವರಿಗೆಲ್ಲ ಹಲ್ವಾ ಹಂಚುತ್ತಿದ್ದಳು. ಗೋಧಿಹಿಟ್ಟನ್ನು ಕೆಂಪಗೆ ಹುರಿದು, ಕೇಸರಿ, ಗುಲಾಬಿ ನೀರು ಹಾಕಿ, ಮೇಲೆ ಪಿಸ್ತಾ ಉದುರಿಸಿದ್ದು.

"ಏನಂತೆ ವಿಶೇಷ? ಮಗಳ ಮದುವೆಯಾ? ಕೇಳೇ" ಎಂದೆ.

ಅನು ಹಿಂದಿಯಲ್ಲಿ ಕೇಳಿ ಸಪ್ಪಗಾದಳು. "ಇಲ್ಲಜ್ಜಿ, ಅವರ ಹಸ್ಬೆಂಡ್ ತೀರಿಕೊಂಡ್ರಂತೆ. ಅವರಲ್ಲಿ ಸತ್ತವರಿಗೋಸ್ಕರ ಹಲ್ವಾ ಮಾಡ್ತಾರಂತೆ. ತಿಂದವರು ಅವರಿಗಾಗಿ ಪ್ರೇ ಮಾಡ್ಬೇಕಂತೆ."

ನಾನು ಕೈ ಹಿಂದಕ್ಕೆಳೆದುಕೊಂಡೆ. ನನ್ನ ಮಗಳು, ಅಂದರೆ ಅನುವಿನ ತಾಯಿ, ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನೆಯಲ್ಲಿ ಹಬ್ಬವಿಲ್ಲ, ಸಿಹಿಯಿಲ್ಲ. ಹುಡುಗಿ ಅತ್ತಾಳೆಂದು ಅವಳಮ್ಮನ ಹೆಸರನ್ನೂ ಯಾರೂ ಎತ್ತುವುದಿಲ್ಲ.

"ನಮ್ಮ ಮನೇಲೂ ಸಾವಾಗಿದೆ, ಸಿಹಿ ತಿನ್ನಬಾರದು ಅನ್ನು" ಎಂದೆ. ಅಮ್ಮ ಹೋದದ್ದನ್ನು ಅನು ಹೇಳಿದಳು. ಆ ಹೆಂಗಸು ತಟ್ಟೆ ಹಿಂದೆ ತೆಗೆಯಲಿಲ್ಲ. ತಾನೂ ಪ್ರಾರ್ಥಿಸುತ್ತೇನೆ, ಅಮ್ಮನ ಹೆಸರೇನು ಎಂದು ಕೇಳಿದಳು.

ಅನು ನನ್ನ ಮುಖ ನೋಡಿದಳು.

"ಸುಮಾ" ಎಂದಳು. ಆಮೇಲೆ ಜೋರಾಗಿ, "ಮೈ ಮದರ್ಸ್ ನೇಮ್ ಈಸ್ ಸುಮಾ." ಹಲ್ವಾ ಬಾಯಿಗಿಟ್ಟುಕೊಂಡು ಅಲ್ಲೇ ನಿಂತು ಅತ್ತಳು.

ನಾನೂ ಒಂದು ಚಮಚ ತೆಗೆದುಕೊಂಡೆ.

"ಅವಳ ಗಂಡನ ಹೆಸರೇನು, ಕೇಳೇ" ಎಂದೆ.