ಪರ್ವೀನ್ ಸರಿಯಾಗಿಯೇ ಮಾತಾಡಿದ್ದಳು

ಪರ್ವೀನ್ ತಪ್ಪು ಮಾತಾಡಿರಲಿಲ್ಲ. ತಪ್ಪು ಮಾತಾಡಿದಳೆಂದು ಸುಳ್ಳು ಹೇಳಿದವಳು ನಾನು. ಆಟದೊಳಗಿನ ಮಾತು ಅದು, ನಿಜ — ಆದರೆ ಆ ಸುಳ್ಳನ್ನು ಅವಳು ಆಟದ ಹೊರಗೂ ವರ್ಷಗಟ್ಟಲೆ ಹೊತ್ತು ತಿರುಗಿದಳು. ನಾನು ಸುಮ್ಮನಿದ್ದೆ.

ಆಗ ನಾವು ಕೊಟ್ಟೂರಿನಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದೆವು — ನಾನು, ಪರ್ವೀನ್, ಉಜ್ಜಿನಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ರೇಣುಕಾ, ಮತ್ತು ಹಾಲೇಶ. ಹಾಲೇಶನ ಅಪ್ಪನ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ, ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ನನ್ನ ದೊಡ್ಡಮ್ಮನ ಮಗ ರಜೆಗೆ ಬಂದಾಗ ಕಲಿಸಿಹೋಗಿದ್ದ ಆಟ ಅದು. ಪಗಡೆಯ ಹಾಗೆ ಹಾಸು, ಕಾಯಿ ಬೇಡ. ಹಲವು ಮುಖದ ದಾಳಗಳು ಮತ್ತು ಬಾಯಿ ಇದ್ದರೆ ಸಾಕು. ಒಬ್ಬರು ಹಳೆಯ ಕಾಲದ ರಾಜ್ಯವೊಂದನ್ನು ಮಾತಿನಲ್ಲೇ ಕಟ್ಟಬೇಕು — ಕೋಟೆ, ಕಾಡು, ದೊರೆ, ಕಳ್ಳರು. ಉಳಿದವರು ತಲೆಗೊಂದು ಪಾತ್ರವಾಗಿ ಅದರೊಳಗೆ ಬದುಕಬೇಕು. ಕಷ್ಟದ ಕೆಲಸಕ್ಕೆ ಕೈಹಾಕಿದರೆ ಅದು ಆಯಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ.

ರಾಜ್ಯ ಕಟ್ಟುವವಳು ನಾನು. ಹಾಲೇಶ ಕತ್ತಿ ಹಿಡಿದ ಸರದಾರನಾದ, ರೇಣುಕಾ ಬಿಲ್ಲುಗಾತಿಯಾದಳು. ಪರ್ವೀನ್ ಮಾತ್ರ ಉಪ್ಪು ಮಾರುವ ಹೆಂಗಸಾಗಿ ಬಂದಳು — ಆಯುಧವಿಲ್ಲ, ಜೊತೆಗೊಂದು ಕತ್ತೆ.

ಕಥೆ ಬೆಟ್ಟದ ಜನರ ಸೀಮೆಗೆ ಬಂದಾಗ ಅವರ ಭಾಷೆ ಇವರಿಗೆ ತಿಳಿಯದಾಯಿತು. ಅದಕ್ಕೆ ಆಟದಲ್ಲಿ ಸುಲಭದ ನಿಯಮವಿತ್ತು. ಕೆಲವು ವಾರ ದಾಳ ಹಾಕುತ್ತ ಹೋಗಬೇಕು. ಸಾಕಷ್ಟು ಅಂಕ ಬಿದ್ದರೆ ಪಾತ್ರಕ್ಕೆ ಭಾಷೆ ಬಂದಂತೆ. ಆಮೇಲೆ ಕನ್ನಡದಲ್ಲೇ ಮಾತಾಡಿದರಾಯಿತು.

ಪರ್ವೀನ್ ದಾಳವನ್ನು ನನ್ನ ಕಡೆ ತಳ್ಳಿದಳು. "ದಾಳ ಹಾಕಿದ್ರ ಭಾಷಿ ಬರತೈತೇನು ಗಿರಿಜಾ? ನೀ ಅವರ ಮಾತು ಆಡು. ನಾ ಕೇಳಿ ಕಲೀತೀನಿ."

ಹಾಗಾಗಿ ನಾನೊಂದು ಭಾಷೆ ಹುಟ್ಟಿಸಬೇಕಾಯಿತು. 'ಗೀಮ' ಎಂದರೆ ನೀರು. 'ನೇಡ' ಎಂದರೆ ಹಗೆ. ಪದದ ಕೊನೆಯ ಅಕ್ಷರ ಎರಡು ಸಲ ಬಂದರೆ 'ಇಲ್ಲ', 'ಅಲ್ಲ' ಎಂದರ್ಥ. ಇದನ್ನೆಲ್ಲ ನಾನು ಬಿಡಿಸಿ ಹೇಳಲಿಲ್ಲ. ಬಾವಿಕಟ್ಟೆಯ ಮುದುಕಿಯಾಗಿ, ಖಾಲಿ ಕೊಡ ಬೋರಲು ಹಾಕಿದಂತೆ ಕೈ ತಿರುಗಿಸಿ, "ಗೀಮಮ" ಎಂದೆ, ಅಷ್ಟೇ.

ಅವಳು ಕಲಿತ ಬಗೆಯನ್ನು ಹೇಗೆ ಹೇಳಲಿ! ಮುದುಕಿಯ ಅಂಗೈಗೆ ಉಪ್ಪು ಹಾಕಿ ಏನನ್ನುತ್ತಾಳೆಂದು ಕಾಯುತ್ತಿದ್ದಳು. ಕೇಳಿದ ಪದವನ್ನು ಮತ್ತೊಂದಕ್ಕೆ ಹಚ್ಚಿ ನೋಡುತ್ತಿದ್ದಳು. ಬೇಕೆಂದೇ ತಪ್ಪಾಡಿ ನನ್ನ ಮುಖ ನೋಡುತ್ತಿದ್ದಳು. ಊರ ದೊಡ್ಡವರನ್ನು ಬಿಟ್ಟು ಸದಾ ಮಕ್ಕಳ ಹತ್ತಿರ ಹೋಗುತ್ತಿದ್ದಳು — "ದೊಡ್ಡೋರು ಮರ್ಯಾದಿಗೆ ಸುಮ್ನಿರ್ತಾರ. ಹುಡುಗ್ರು ನಕ್ಕು ತಿದ್ದತಾವ." ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮೆಣಸಿನಕಾಯಿ ವ್ಯಾಪಾರಿಗಳಿಂದ ತೆಲುಗು, ಕೂಡ್ಲಿಗಿ ಕಡೆಯ ತಾಂಡಾದ ಗೆಳತಿಯಿಂದ ಲಂಬಾಣಿ — ಎಲ್ಲವನ್ನೂ ಹೀಗೇ ದಕ್ಕಿಸಿಕೊಂಡಿದ್ದಳಂತೆ.

ಒಂದು ದಿನ ಕೇಳಿದಳು: "ಈ ಮಂದಿಗೆ 'ನಂದು' ಅನ್ನೋ ಮಾತ ಇಲ್ಲಲ್ಲ? ಎಲ್ಲಾದಕ್ಕೂ 'ನಮ್ಮದು' ಅಂತಾರ. ಎಷ್ಟ ಚಂದ ಐತಿ! ಬೇಕಂತ ಹಂಗ ಮಾಡಿಯಾ?"

ನನಗೆ ಅದು ಗೊತ್ತೇ ಇರಲಿಲ್ಲ. ಆ ಪದ ಹುಟ್ಟಿಸುವುದನ್ನೇ ಮರೆತಿದ್ದೆ. ಆದರೂ "ಹೂಂ" ಎಂದೆ. ನಾನು ಹುಟ್ಟಿಸಿದ ಭಾಷೆಯಲ್ಲಿ ನನಗಿಂತ ಅವಳೇ ಚೆನ್ನಾಗಿ ಬದುಕುತ್ತಿದ್ದಾಳೆ ಎಂದು ಆ ಹೊತ್ತು ಅನಿಸಿತು. ಸಂತೋಷಪಡಬೇಕಿತ್ತು...

ತಿಂಗಳುಗಳು ಕಳೆದು ಕಥೆ ಬೆಟ್ಟದ ಕೋಟೆಯ ಬಾಗಿಲಿಗೆ ಬಂತು. ಇವರು ಕಾಪಾಡಿಕೊಂಡು ಬಂದಿದ್ದ ಒಂದು ಹಳ್ಳಿಯ ಜನ ಕೋಟೆಯೊಳಗೆ ಆಸರೆ ಬೇಡುತ್ತಿದ್ದರು. ಹಿಂದೆ ದೊರೆಯ ದಂಡು ಅಟ್ಟಿಸಿಕೊಂಡು ಬರುತ್ತಿತ್ತು. ಉಪ್ಪಿನವಳು ಮುಂದೆ ಹೋಗಿ ಕೋಟೆಯ ಹಿರಿಯನೊಡನೆ ಮಾತಾಡಿದಳು. ಒಂದೂ ಕನ್ನಡ ಪದವಿಲ್ಲದೆ, ತಡವರಿಸದೆ, ಅಷ್ಟು ಹೊತ್ತು! ಹಾಲೇಶ ಉಸಿರು ಬಿಗಿಹಿಡಿದಿದ್ದ. ರೇಣುಕಾಳ ಕಣ್ಣು ತುಂಬಿತ್ತು. ಕೊನೆಗೆ ಎದೆ ಮುಟ್ಟಿಕೊಂಡು ಪರ್ವೀನ್ "ನೇಡಡ" ಎಂದಳು — ನಾವು ಹಗೆಗಳಲ್ಲ.

ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಆಗ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದ್ದೇನೆ — ಸಿಕ್ಕಿಲ್ಲ.

ದಾಳ ಕೂಡ ಹಾಕಿಸದೆ ಹೇಳಿಬಿಟ್ಟೆ: ಹಿರಿಯನ ಮುಖ ಕೆಂಪಾಯಿತು, ಬಾಗಿಲು ಮುಚ್ಚಿತು, ಮೇಲಿಂದ ಬಾಣ ಸುರಿದವು. ಉಪ್ಪಿನವಳು ಅಲ್ಲೇ ಬಿದ್ದಳು. ಹಳ್ಳಿಯ ಜನ ದಂಡಿನ ಕೈಗೆ ಸಿಕ್ಕರು.

"ಯಾಕ? ನಾ ಏನಂದೆ?" ಎಂದಳು ಪರ್ವೀನ್.

"ನೇಡಡ ಅಂದ್ರ ಕಡುಹಗೆ. ಅಕ್ಷರ ಎರಡ ಸಲ ಬಂದ್ರ ಒತ್ತಿ ಹೇಳಿದಂಗ."

"ಮತ್ತ ಗೀಮಮ? ಮುದುಕಿ ಕೊಡ ಖಾಲಿ ಇತ್ತಲ್ಲ?"

"ಬಾಳ ನೀರು ಬೇಕು ಅಂದಿದ್ಲು. ನೀ ಮೊದಲಿಂದ ತಪ್ಪ ಕಲ್ತಿ."

ಅವಳು ವಾದಿಸಲಿಲ್ಲ. ಉಳಿದಿಬ್ಬರ ಕಡೆ ತಿರುಗಿ, "ನನ್ನ ಸಲುವಾಗಿ ಎಲ್ಲಾ ಹೋತಲ್ಲ" ಎಂದು ತಲೆ ತಗ್ಗಿಸಿದಳು. "ಇರ್ಲಿ ಬಿಡು, ಆಟ ಐತಿ" ಎಂದು ಹಾಲೇಶ ನಕ್ಕ. ಅವಳು ನಗಲಿಲ್ಲ.

ಆ ದಿನಗಳಲ್ಲೇ ಅವಳು ಭಾಷಾಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕುವವಳಿದ್ದಳು. ಹಾಕಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ತಿಂಗಳಾನುಗಟ್ಲೆ ಕೇಳಿದ್ದನ್ನ ಉಲ್ಟಾ ತಿಳ್ಕೊಂಡೀನಿ. ನನಗ ಕಿವಿ ಐತಿ ಅನ್ಕೊಂಡಿದ್ದೆ, ಇಲ್ಲ" ಎಂದಳು. ಬೇರೆ ಕಾರಣಗಳೂ ಇದ್ದಿರಬಹುದು — ಅವುಗಳ ಹಿಂದೆ ನಾನು ಅಡಗುವುದಿಲ್ಲ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಈ ವರ್ಷ ಅತ್ತೆಯ ಕಣ್ಣು ತೋರಿಸಲು ಹಡಗಲಿಯ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಕೊಡುವ ಕಿಟಕಿಯ ಹಿಂದೆ ಪರ್ವೀನ್ ಕೂತಿದ್ದಳು. ನಾನು ಕರೆಯುವಷ್ಟರಲ್ಲಿ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಓಡಿಬಂದಳು. ರಸ್ತೆ ಕೆಲಸಕ್ಕೆ ಬಹುದೂರದಿಂದ ಬಂದವಳು; ಅವಳ ಮಾತು ಅಲ್ಲಿ ಯಾರಿಗೂ ತಿಳಿಯದು. ಗಂಟಲು ತೋರಿಸಿ ಒಂದೇ ಪದ ಹೇಳುತ್ತಿದ್ದಳು. "ಕೆಮ್ಮು ಇರಬೇಕು, ಪಾಳಿಗೆ ನಿಲ್ಸ್ರಿ" ಎಂದರು ಯಾರೋ.

ಪರ್ವೀನ್ ಕುರ್ಚಿ ಬಿಟ್ಟು ಬಂದು ಅವಳೆದುರು ನೆಲದ ಮೇಲೆ ಕೂತಳು. ಆ ಪದವನ್ನು ತಾನೂ ಹೇಳಿದಳು. ಕೆಮ್ಮಿ ತೋರಿಸಿದಳು — ಅಲ್ಲ. ಏನೋ ನುಂಗಿದಂತೆ ಮಾಡಿದಳು — ಹೆಂಗಸು ಹೌದೆಂದು ಜೋರಾಗಿ ತಲೆಯಾಡಿಸಿದಳು. ನಾಣ್ಯ ಹಿಡಿದಳು, ಅಲ್ಲ. ಮಗುವಿನ ಅಂಗಿಯ ಗುಂಡಿ ಮುಟ್ಟಿದಳು, ಅಲ್ಲ. ಕೈಗಡಿಯಾರ ಬಿಚ್ಚಿ ತಿರುವಿ ಹಿಂಬದಿ ತೋರಿಸಿದಾಗ ಹೆಂಗಸು ಅವಳ ಕೈಯನ್ನೇ ಹಿಡಿದುಕೊಂಡುಬಿಟ್ಟಳು. ಮಗು ಗಡಿಯಾರದ ಸೆಲ್ಲು ನುಂಗಿತ್ತು — ತಡವಾದರೆ ಗಂಟಲನ್ನು ಒಳಗಿಂದಲೇ ಸುಡುವಂಥದ್ದು. ಡಾಕ್ಟರು ಓಡಿಬಂದರು, ಆಂಬುಲೆನ್ಸ್ ಹೊರಟಿತು. ಸಂಜೆಗೆ ದೊಡ್ಡಾಸ್ಪತ್ರೆಯಿಂದ ಫೋನು ಬಂತು: ಸೆಲ್ಲು ತೆಗೆದಿದ್ದಾರೆ, ಮಗು ಉಳಿಯಿತು.

ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ. ಕೆಲಸ ಮುಗಿಸಿ ಅವಳು ಬಂದಾಗ, "ಎಂಥಾ ಕಿವಿ ನಿಂದು ಪರ್ವೀನ್!" ಎಂದೆ.

"ಇಲ್ಲ ಗಿರಿಜಾ. ತಿಳೀತು ಅನಿಸಿದ್ರೂ ನನ್ನ ಮ್ಯಾಲೆ ನನಗ ನಂಬಿಕಿ ಇಲ್ಲ. ಅದಕ್ಕ ಹತ್ತು ಸಲ ಕೇಳ್ತೀನಿ. ನಿನ್ನ ಆಟದ ಕೋಟಿ ಬಾಗಲದಾಗ ಬುದ್ಧಿ ಬಂತು."

ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಮನಸ್ಸು ಆಗಲೂ ಒಂದು ಸಂದಿ ಹುಡುಕಿತು. ಆದರೆ ಅವಳು ಮೊದಲಿನಿಂದಲೂ ಹೀಗೇ ಕೇಳುತ್ತಿದ್ದವಳು. ನಾನು ಕೊಟ್ಟದ್ದು ಬುದ್ಧಿಯಲ್ಲ — ಅಂಜಿಕೆ. ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ.

"ಅಂದ್ರ ನಾ ಅಂದಿದ್ದು...?"

"ಪೂರ್ತಿ ಸರಿ ಇತ್ತು. ನಿಯಮ ಬದಲ್ಸಿದಾಕಿ ನಾನು."

ಅವಳು ಅಳಲಿಲ್ಲ, ಬೈಯಲಿಲ್ಲ. "ಹಾಲೇಶಗ, ರೇಣುಕಾಗ ಇಬ್ಬರಿಗೂ ಹೇಳು. ಅವರ ಮುಂದ ನಾ ತಲಿ ತಗ್ಗಿಸಿ ಕೂತಿದ್ದೆ" ಎಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಹೇಳಿದ್ದೇನೆ. ಹಾಲೇಶ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಹೋದ. ರೇಣುಕಾ ಮಾತಿನ ನಡುವೆಯೇ ಫೋನ್ ಇಟ್ಟಳು. ಪರ್ವೀನ್ ಇನ್ನೂ ಮಾತಾಡಿಸಿಲ್ಲ. ಕ್ಷಮಿಸು ಎಂದು ನಾನು ಅವಳನ್ನು ಕೇಳಿಲ್ಲ — ಕೇಳಿದರೆ, ಉತ್ತರ ಕೊಡಬೇಕಾದ ಭಾರವನ್ನೂ ಅವಳ ಮೇಲೆಯೇ ಹೇರಿದಂತಾಗುತ್ತದೆ.