ಬೊಂಬೆಯ ಅರಗು, ಮಾವನ ಗಾಡಿ

ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಆದರೆ ಮೊನ್ನೆ ಸಿಲಿಕೋನ್ ಟ್ಯೂಬಿನ ಮುಚ್ಚಳ ತೆಗೆದಾಗ ಗಪ್ಪೆಂದು ಬಂದ ಹುಳಿ ವಾಸನೆಯಂತೂ ಸುಳ್ಳಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ; ಚನ್ನಪಟ್ಟಣದ ಅವಳ ಮನೆಯಂಗಳದಲ್ಲಿ ಮಾವನ ಮೋಟಾರ್ ಸೈಕಲ್ಲಿನ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ನನಗಿಂತ ಹಿರಿಯ ಗಾಡಿ, ಮತ್ತೆ ಸೋರತೊಡಗಿತ್ತು. "ಈ ಸಲ ಒಂದ್ ತೊಟ್ಟು ಆಯಿಲ್ ಸೋರುದ್ರೂ ಗುಜರಿಗೆ ಹಾಕ್ಬುಡ್ತೀನಿ ಕಣವ್ವ," ಎಂದು ಮಾವ ಹೇಳಿಯಾಗಿತ್ತು. ಹಾಗಾಗಿ ಎಂಜಿನ್ನಿನ ಎರಡು ಹೋಳುಗಳ ನಡುವೆ ಕೂರುವ ಕಾಗದದ ಗ್ಯಾಸ್ಕೆಟ್ಟಿಗೆ ಏನು ಸವರಬೇಕೆಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಎಂ.ಎ. ಮಾಡಿದವಳು ಅದಕ್ಕಾಗಿ ರಾಮನಗರದ ಅಂಗಡಿಗಳನ್ನೆಲ್ಲ ಸುತ್ತಿ ಈ ಟ್ಯೂಬು ತಂದಿದ್ದೆ.

ಅತ್ತೆ ಮೂಸಿದಳು. "ಇದೇನವ್ವ, ಎಂಜಿನ್‌ಗೆ ಬಳಿಯಾದಾ, ಅನ್ನುಕ್ಕೆ ನೆಂಚ್ಕಳಾದಾ?"

ಕೇಳುವ ಹಕ್ಕು ಅವಳಿಗಿತ್ತು. ಲೇತಿನಲ್ಲಿ ತಿರುಗುವ ಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸುವುದು ಅವಳ ಕಸುಬು. ನಾನು ಹೈಸ್ಕೂಲಿನಲ್ಲಿದ್ದಾಗ ಇದೇ ಎಂಜಿನ್ ಸೋರಿ, ಮೆಕ್ಯಾನಿಕ್ ಕೈಚೆಲ್ಲಿದ್ದ. ಅತ್ತೆ ಬೊಂಬೆಯ ಕೆಂಪು ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ ಗ್ಯಾಸ್ಕೆಟ್ಟಿಗೆ ಬಳಿದಳು. ಬೋಲ್ಟು ಬಿಗಿದಾಗ ಅಂಚಿನುದ್ದಕ್ಕೂ ಕೆಂಪು ಉಕ್ಕಿತು. ಕೆಂಪೋ ಕಿತ್ತಳೆಯೋ ನನಗೆ ಅನುಮಾನ. ಅತ್ತೆ ಕೆಂಪೇ ಎನ್ನುತ್ತಾಳೆ. ಎದುರುಮನೆಯವನು ಮಾವನನ್ನು ಕರೆದು, "ಏನ್ಲಾ, ನಿನ್ ಗಾಡಿ ಎಲೆಅಡ್ಕೆ ಹಾಕ್ಕಂಡೈತಲ್ಲೋ!" ಎಂದು ನಕ್ಕ. ಸಾಲದ್ದಕ್ಕೆ ಎಂಜಿನ್ ಮತ್ತೂ ಸೋರಿತು.

ಮಾವ ತಲೆ ತಗ್ಗಿಸಿದರು. ಅತ್ತೆ ತಗ್ಗಿಸಲಿಲ್ಲ. "ಬಣ್ಣದ ಪುಡಿ ತರಿತರಿ ಐತೆ, ಕೂತ್ಕಳಕ್ಕೆ ಬುಡ್ತಿಲ್ಲ," ಎಂದು ಮತ್ತೆ ಬಿಚ್ಚಿಸಿ, ಬಣ್ಣ ಬೆರೆಸದ ಅರಗನ್ನು ಕರಗಿಸಿ, ಹಳೆ ಸೀರೆಯ ಚೂರಿನಲ್ಲಿ ಸೋಸಿ ಬಳಿದಳು. ಆಮೇಲೆ ವರ್ಷಗಟ್ಟಲೆ ಒಂದು ಹನಿ ಆಚೆ ಬರಲಿಲ್ಲ. ಮಾವನ ಹಿಂದೆ ಕೂತು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗುವಾಗ ಅವಳ ಬೆನ್ನು ಎಷ್ಟು ನೆಟ್ಟಗಿರುತ್ತಿತ್ತು ಅಂತೀರಿ!

ಆದರೂ ನನ್ನದು ಅನುಮಾನದ ಬುದ್ಧಿ. ಒಂದು ತಗಡಿಗೆ ಸಿಲಿಕೋನ್, ಇನ್ನೊಂದಕ್ಕೆ ಅರಗು ಬಳಿದು, ಒಣಗಿಸಿ, ಪೆಟ್ರೋಲಿನಲ್ಲಿ ಮುಳುಗಿಸಿಟ್ಟೆ. ಮರುದಿನ ಸಿಲಿಕೋನ್ ಉಬ್ಬಿ ಉಗುರಿಗೇ ಸುಲಿದು ಬಂತು. ಅಂಥ ಒಂದು ಎಳೆ ಆಯಿಲ್ ಹರಿಯುವ ದಾರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಯಿತು. ಅರಗು ಕದಲಿರಲಿಲ್ಲ. ಟ್ಯೂಬು ಬಚ್ಚಲಿನ ಸೋರುವ ಕೊಳಾಯಿಯ ಪಾಲಾಯಿತು.

ಈ ಸಲ ಬ್ರಷ್ ಹಿಡಿದವಳು ನಾನು. "ತೆಳ್ಗೆ ಕಣವ್ವ, ಇನ್ನೂ ಒಸಿ ತೆಳ್ಗೆ," ಎಂದು ಅತ್ತೆ ಪಕ್ಕದಲ್ಲೇ ಕೂತಿದ್ದಳು.

ಇವತ್ತು ಗಾಡಿ ಗುಡುಗಿತು. ಮಾವ ಅಡಿಗೆ ಪೇಪರ್ ಹಾಸಿ, ಬಗ್ಗಿ, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಕಲೆಯಿಲ್ಲ. "ಗೆದ್ಬುಟ್ರಿ ಕಣಮ್ಮಿ ಅತ್ತೆ ಸೊಸೆ," ಎಂದರು. ಕಾಲೇಜಿನಲ್ಲಿ ಬಹುಮಾನ ಗಿಟ್ಟಿಸಿದಾಗಲೂ ನನ್ನ ಎದೆ ಹೀಗೆ ಉಬ್ಬಿರಲಿಲ್ಲ.

ಅತ್ತೆ ಹ್ಯಾಂಡಲ್ ಹಿಡಿದದ್ದನ್ನು ನಾನೆಂದೂ ನೋಡಿಲ್ಲ ಎಂಬುದು ಆಗ ಹೊಳೆಯಿತು. ಕೇಳಿಯೇಬಿಟ್ಟೆ: "ಅತ್ತೆ, ನಾಳೆ ಮುಂದೆ ನೀನು ಕೂತ್ಕತೀಯಾ?"

ಸಂಜೆಯಿಂದ ಗಾಡಿಯ ಕೀಲಿಕೈ ಅವಳ ಸೊಂಟದಲ್ಲಿದೆ.