ಬರೆಯದ ಪೆನ್ನು

ಪೆನ್ನಿನಾಗ ಮಸಿ ಐತಿ, ಮುಂದ ಹಾಳಿ ಐತಿ, ಆದ್ರೂ ಬರೆಯೂದಿಲ್ಲ. ಯಾಕ ಹೇಳ್ರಿ? ಬಿಡ್ರಿ, ನಿಮಗ ಹೊಳೆಯಂಗಿಲ್ಲ.

ಮಸ್ಕಿ ರಸ್ತೆದಾಗ ನಮ್ಮ ಭಾಗದ ಲೀಡರ್ ಸಾಹೇಬ್ರ ಅಳಿಯನ ಟ್ರ್ಯಾಕ್ಟರ್ ಗುದ್ದಿ ನಮ್ಮಪ್ಪನ ಕಾಲು ಮುರೀತು. ದೂರು ಬರೆದ ಹಾಳಿ ಹಿಡ್ಕೊಂಡು ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು, ಟ್ರ್ಯಾಕ್ಟರ್ ಯಾರದು ಅಂತ ಕೇಳಿ, ಮತ್ತ ಮುಚ್ಚಿದ.

"ಮೊದಲು ಸಾಹೇಬ್ರನ್ನ ಒಂದು ಮಾತು ಕೇಳಿ ಬಾರಲೇ. ಅವರು ಪತ್ರ ಕೊಟ್ಟಿದ್ದಕ್ಕ ನನ್ನ ಪೋಸ್ಟಿಂಗ್ ಇಲ್ಲಿ ಆಗೇತಿ."

"ನಮ್ಮಪ್ಪನ ಕಾಲೂ ಅವರನ್ನ ಕೇಳೇ ಮುರೀಬೇಕಿತ್ತೇನ್ರಿ?" ಅಂದೆ. ಹೊರಗ ದಬ್ಬಿಸಿದ.

ಸಿಟ್ಟು ನೆತ್ತಿಗೇರಿತು. ಗೇಟಿನ ಹೊರಗ ನಿಂತು, ಲೀಡರ್ ಸಾಹೇಬ್ರ ದನಿಯಂಗ ದನಿ ಮಾಡಿ ಠಾಣೆಗೆ ಫೋನ್ ಹಚ್ಚಿದೆ: "ಆ ಹುಡುಗನ ದೂರು ಬರ್ಕೋರಿ." ಇನ್ಸ್‌ಪೆಕ್ಟರ್ ಎದ್ದು ನಿಂತು ಫೋನಿಗೇ ಸೆಲ್ಯೂಟ್ ಹೊಡೆದು ಬರ್ಕೊಂಡ.

ಈ ಫೋನಿನ ಕತಿ ನಾ ಕಟ್ಟಿದ್ದು. ದೂರಿನ ಹಾಳಿ ಇನ್ನೂ ನನ್ನ ಕಿಸೆದಾಗೇ ಐತಿ. ಅಪ್ಪ ಕುಂಟಾಕತ್ತಾನ, ಅದು ಮಾತ್ರ ಖರೆ.